ಇನ್ನೂರ ಹನ್ನೆರಡನೆಯ ನಂಬರು

ಹಾನಗಲ್ಲಿನ ಆ ಹೈಸ್ಕೂಲಿಗೆ ಎರಡು ಕಂಪ್ಯೂಟರ್ ಬಂದದ್ದು ೧೯೮೬ರ ಮಳೆಗಾಲದಲ್ಲಿ, ಸರ್ಕಾರದ ಯಾವುದೋ ಯೋಜನೆಯ ಹೆಸರಿನಲ್ಲಿ. ಹೊಲಿಗೆ ಕಲಿಸುತ್ತಿದ್ದ ಕೋಣೆಯನ್ನು ತೆರವು ಮಾಡಿ, ಕಿಟಕಿಗಳಿಗೆ ಕರಿ ಬಟ್ಟೆ ಹೊಡೆದು, ನೆಲಕ್ಕೆ ಹಳೆಯ ಜಮಖಾನ ಹಾಸಿ ಅಲ್ಲಿ ಅವನ್ನು ಇಟ್ಟರು. ಯಾರು ಕಲಿಸಬೇಕು ಎಂಬ ಮಾತು ಬಂದಾಗ ಹೆಡ್ ಮಾಸ್ತರು ಗುದ್ಲೆಪ್ಪನವರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿ, ವಿಜ್ಞಾನದ ಶಾಮಲಾ ಮೇಲೆ ತಂದು ನಿಲ್ಲಿಸಿದರು.

"ನೀವ ಹೋಗಿ ಕಲ್ತು ಬರ್ರಿ ಬಾಯಾರ. ಉಳದವರೆಲ್ಲಾ ಪೆನ್ಶನ್ ದಾರಿ ನೋಡಾಕತ್ತಾರ."

ಶಾಮಲಾಗೆ ಆಗ ಮೂವತ್ತನಾಲ್ಕು. ಊರಿನ ಹಳೆಯ ವೈಷ್ಣವ ಮನೆತನ. ಅಜ್ಜ ಪುರಾಣ ಹೇಳುತ್ತಿದ್ದರು, ತಂದೆ ಸಂಸ್ಕೃತ ಕಲಿಸುತ್ತಿದ್ದರು. ಮದುವೆ ಕೂಡಿ ಬಂದಿರಲಿಲ್ಲ, ತಾಯಿ ತುಳಸಾಬಾಯಿಯ ಜೊತೆ ಇದ್ದಳು. ದೆವ್ವ ಪಿಶಾಚಿ ಎಂದರೆ ನಗುತ್ತಿದ್ದಳು. ಹುಣ್ಣಿಮೆ ಗ್ರಹಣವನ್ನು ಕಿತ್ತಳೆ ಹಣ್ಣು, ಬಲ್ಬು ಹಿಡಿದು ಮಕ್ಕಳಿಗೆ ವಿವರಿಸುವ ಹೆಂಗಸು ಅವಳು.

ಧಾರವಾಡದಲ್ಲಿ ಹದಿನೈದು ದಿನ ತರಬೇತಿಯಾಯಿತು. ಶಾಮಲಾ ಒಂದು ದಪ್ಪ ನೋಟ್‌ಬುಕ್ಕಿನ ತುಂಬ ಬರೆದುಕೊಂಡು ಬಂದಳು. ಆ ಯಂತ್ರದಲ್ಲಿ ಲೆಕ್ಕ ಮಾಡಬಹುದಿತ್ತು, ಚಿತ್ರ ಬಿಡಿಸಬಹುದಿತ್ತು. ಆದರೆ ಅವಳ ಮನಸ್ಸಿಗೆ ಹತ್ತಿದ್ದು ಬರೆಯುವ ಪ್ರೋಗ್ರಾಮು. ವರ್ಡ್ ಪ್ರೊಸೆಸರ್ ಎನ್ನುತ್ತಿದ್ದರು ಅದಕ್ಕೆ. ಟೈಪ್ ಮಾಡಿದ್ದು ಕಾಗದದ ಮೇಲೆ ಬೀಳದೆ ಪರದೆಯ ಮೇಲೆ ಮೂಡುತ್ತಿತ್ತು. ತಪ್ಪಾದರೆ ಒಂದು ಗುಂಡಿ ಒತ್ತಿದರೆ ಗುರುತೂ ಇಲ್ಲದಂತೆ ಅಳಿಯುತ್ತಿತ್ತು. ಕನ್ನಡ ಅಕ್ಷರ ಇರಲಿಲ್ಲ. ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕಿತ್ತು, ಬರೆದರು.

ಮೊದಲ ವಾರವೇ ಅಜ್ಜಪ್ಪನೆಂಬ ಹುಡುಗ ತಮ್ಮ ಎಮ್ಮೆ ಈದ ಸಂಗತಿಯನ್ನು ಹನ್ನೆರಡು ಸಾಲು ಬರೆದು ಕೈ ಕೊಡವಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಐದು ನಿಮಿಷಕ್ಕೆ ತಿರುಗಿ ಬಂತು. ಪರದೆ ಖಾಲಿ.

"ಬಾಯಾರ, ನಾ ಬರದದ್ದು ಎಲ್ಲಿ ಹೋತ್ರಿ?"

"ಎಲ್ಲೂ ಹೋಗಿಲ್ಲೋ. ಇಲ್ಲ, ಅಷ್ಟ."

"ಇಲ್ಲ ಅಂದ್ರ ಎಲ್ಲಿ ಐತ್ರಿ?"

ಎಲ್ಲರೂ ನಕ್ಕರು. ಶಾಮಲಾಳೂ ನಕ್ಕಳು. ಅಂದಿನಿಂದ ಅವಳು ಬರೆಯುವುದಕ್ಕಿಂತ ಹೆಚ್ಚಾಗಿ ಉಳಿಸುವುದನ್ನೇ ಕಲಿಸಿದಳು. ಸೇವ್ ಮಾಡುವುದು ಎಂದರೆ ಆಗ ಕ್ಯಾಸೆಟ್ಟಿನಲ್ಲಿ. ಮನೆಗಳಲ್ಲಿ ಹಾಡು ಕೇಳುವಂಥದ್ದೇ ಟೇಪ್ ರೆಕಾರ್ಡರು, ಅದೇ ಕ್ಯಾಸೆಟ್ಟು. ವೈರ್ ಸಿಕ್ಕಿಸಿ, ಬರೆದದ್ದಕ್ಕೆ ಒಂದು ಹೆಸರು ಕೊಟ್ಟು, ಎರಡು ಗುಂಡಿ ಕೂಡಿಸಿ ಒತ್ತಿದರೆ ರೀಲು ತಿರುಗುತ್ತಿತ್ತು. ಅಕ್ಷರಗಳು ಒಂದು ನಮೂನೆಯ ಕಿರುಚಾಟವಾಗಿ ರೀಲಿನ ಮೇಲೆ ಕೂರುತ್ತಿದ್ದವು. ವೈರ್ ಹಚ್ಚಿದಾಗ ಆ ಸದ್ದು ಹೊರಗೆ ಕೇಳುತ್ತಿರಲಿಲ್ಲ. ರೆಕಾರ್ಡರಿನ ಮೇಲೆ ಮೂರಂಕಿಯ ಒಂದು ನಂಬರ್ ಚಕ್ರ ಇರುತ್ತಿತ್ತು. ಎಷ್ಟನೆಯ ನಂಬರಿಗೆ ಸುರು ಮಾಡಿದೆವು, ಎಷ್ಟಕ್ಕೆ ಮುಗಿಸಿದೆವು ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಿತ್ತು.

"ಪರದೆ ಮ್ಯಾಲ ಕಾಣಸ್ತದ ಅಂದ್ರ ಉಳೀತು ಅಂತ ತಿಳೀಬ್ಯಾಡ್ರಿ," ಎಂದು ಅವಳು ಪ್ರತಿ ಪಾಠದಲ್ಲೂ ಹೇಳುತ್ತಿದ್ದಳು. "ರೀಲಿನ ಮ್ಯಾಲ ಹೋದದ್ದಷ್ಟ ನಿಮ್ಮದು. ಇನ್ನೊಂದು ಮಾತು. ಹಳೇದರ ಮ್ಯಾಲ ಹೊಸದು ಬಿತ್ತಂದ್ರ ಹಳೇದು ಹೋತು. ದೇವರು ಬಂದ್ರೂ ತಿರುಗಿ ಬರೂದಿಲ್ಲ. ಅದಕ್ಕ ನಂಬರ್ ನೋಡಿ ಸುರು ಮಾಡ್ರಿ."

ಶಾಲೆಗೆ ಬಂದಿದ್ದವು ಹನ್ನೆರಡು ಕ್ಯಾಸೆಟ್ಟು, ಒಂಬತ್ತನೆಯ ತರಗತಿಯ ಮಕ್ಕಳು ನಲವತ್ತು. ಒಬ್ಬರ ಮೇಲೆ ಇನ್ನೊಬ್ಬರು ಸೇವ್ ಮಾಡಿ ಜಗಳ ಸುರುವಾಯಿತು. ಆಗ ಶಾಮಲಾ, ಮನೆಯಲ್ಲಿ ಬೇಡಾದ ಕ್ಯಾಸೆಟ್ಟು ಇದ್ದವರು ತರಬಹುದು ಎಂದಳು. ತಂದರು. ಸಿನೆಮಾ ಹಾಡಿನವು, ಭಜನೆಯವು. ಅವುಗಳ ಬೆನ್ನಿಗೆ ಸಣ್ಣ ತೂತು ಇರುತ್ತಿತ್ತು. ಒಳಗಿನದನ್ನು ಯಾರೂ ಅಳಿಸಬಾರದೆಂದು ಅಲ್ಲಿನ ಚಿಕ್ಕ ಪ್ಲಾಸ್ಟಿಕ್ ತುಣುಕನ್ನು ಮುರಿದಿರುತ್ತಾರೆ. ಆ ತೂತು ಮುಚ್ಚಿದರೆ ಮತ್ತೆ ಅದರ ಮೇಲೆ ತುಂಬಬಹುದು. ಶಾಮಲಾ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ತೆಗೆದು, ತುಂಡು ತುಂಡು ಕತ್ತರಿಸಿ, ಒಂದೊಂದಕ್ಕೂ ತಾನೇ ಅಂಟಿಸಿಕೊಟ್ಟಳು.

ಹೊಳೆವ್ವ ತಂದ ಕ್ಯಾಸೆಟ್ಟಿಗೆ ಹೆಸರಿನ ಚೀಟಿ ಇರಲಿಲ್ಲ. ಹಳದಿ ಅರಿವೆಯಲ್ಲಿ ಸುತ್ತಿತ್ತು. ಬೆನ್ನಿನ ತುಣುಕನ್ನು ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದರು.

"ಏನದ ಇದರಾಗ?"

"ಹಳೇ ಹಾಡು ರೀ."

"ಮನ್ಯಾಗ ಕೇಳೀಯೇನು?"

"ಹೂಂ ರೀ," ಎಂದಳು ಹುಡುಗಿ, ಕೈಯಿಂದ ಕ್ಯಾಸೆಟ್ಟು ಬಿಡದೆ. ಆಮೇಲೆ ಬಿಟ್ಟಳು. ಶಾಮಲಾ ಅಂಟುಪಟ್ಟಿ ಹಚ್ಚಿದಳು.

ಹೊಳೆವ್ವ ತಿಳವಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಹದಿನಾಲ್ಕು ವರ್ಷ, ಎತ್ತರದ ಒಣಕಲು ಮೈ. ಅವಳ ಅಪ್ಪ ಚಂದ್ರಪ್ಪ, ಆ ಭಾಗದಲ್ಲೆಲ್ಲ ಮೈಕ್ ಚಂದ್ರಪ್ಪ ಎಂದೇ ಹೆಸರಾದವನು. ಮದುವೆ, ಸೀಮಂತ, ಊರ ಸಭೆ ಎಲ್ಲಕ್ಕೂ ಅವನದೇ ಮೈಕ್ ಸೆಟ್ಟು. ಆ ತಿಂಗಳು ಸವಣೂರಿನಲ್ಲಿ ಬೀಡು ಬಿಟ್ಟಿದ್ದ ನಾಟಕ ಕಂಪನಿಯೊಂದಕ್ಕೆ ಮೈಕು ಹಚ್ಚಲು ಹೋಗಿದ್ದ. ಮನೆಯಲ್ಲಿ ಹೊಳೆವ್ವ ಮತ್ತು ಅವಳ ಅಜ್ಜಿ ದಾನವ್ವ, ಇಬ್ಬರೇ.

ಸೇವ್ ಮಾಡುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ಹೊಳೆವ್ವ. ಬೆಲ್ ಹೊಡೆದ ಮೇಲೂ ಕೂತಿರುತ್ತಿದ್ದಳು. ಒಂದು ದಿನ ಕೇಳಿದಳು: "ಉದ್ದ ಬರದ್ರ ರೀಲು ಹೆಚ್ಚಿಗಿ ಹಿಡೀತೈತೇನ್ರಿ?"

"ಹೌದು. ಎಷ್ಟು ಬರೀತೀ ಅಷ್ಟು ಹೊತ್ತು ತಿರಗತದ."

"ಒಮ್ಮೆ ಸೇವ್ ಹೊಡದ್ರ ಸಾಕೇನ್ರಿ, ಎರಡೆರಡು ಸಲ ಹೊಡೀಬೇಕೇನ್ರಿ?"

ಶಾಮಲಾಗೆ ಹೆಮ್ಮೆ ಅನಿಸಿತು. ಉಳಿದ ಮಕ್ಕಳಿಗೆ, ಹೊಳೆವ್ವನ್ನ ನೋಡಿ ಕಲೀರಿ ಎಂದು ಹೇಳಿದಳು.

ದಸರೆಯ ರಜೆ ಹತ್ತಿರ ಬಂತು. ಒಂದು ಶನಿವಾರ, ಮುಂಜಾನೆಯ ಶಾಲೆ ಬಿಟ್ಟ ಮೇಲೆ, ಮಕ್ಕಳ ಕೆಲಸ ನೋಡಿ ಅಂಕ ಹಾಕಲೆಂದು ಶಾಮಲಾ ಒಬ್ಬಳೇ ಕಂಪ್ಯೂಟರ್ ಕೋಣೆಯಲ್ಲಿ ಉಳಿದಳು. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಕರಿ ಬಟ್ಟೆಯ ಕತ್ತಲೆ. ಒಂದೊಂದೇ ಕ್ಯಾಸೆಟ್ಟು ಹಾಕಿ, ಬರೆದದ್ದನ್ನು ಪರದೆಗೆ ಕರೆದು ಓದುತ್ತ ಹೋದಳು. ಹೊಳೆವ್ವನ ಸರದಿ ಬಂದಾಗ ಎರಡು ಗಂಟೆಯಾಗಿತ್ತು. ಅವಳ ನೋಟ್‌ಬುಕ್ಕಿನಲ್ಲಿ ಮೊದಲ ನಂಬರು ಇನ್ನೂರ ಹನ್ನೆರಡು ಎಂದಿತ್ತು. ಉಳಿದ ಮಕ್ಕಳೆಲ್ಲ ರೀಲಿನ ಮೊದಲಿನಿಂದ ಸುರು ಮಾಡಿದ್ದರೆ, ಈ ಹುಡುಗಿ ಯಾಕೆ ನಡುವಿನಿಂದ ಸುರು ಮಾಡಿದಳೋ ಎಂದುಕೊಂಡು ಶಾಮಲಾ ಆ ನಂಬರಿಗೆ ತಿರುಗಿಸಿದಳು.

ಮೊದಲನೆಯದು ಪ್ರಬಂಧ. ತಿಳವಳ್ಳಿಯಿಂದ ಬರುವ ಬಸ್ಸಿನ ಬಗ್ಗೆ, ಚೆನ್ನಾಗಿತ್ತು. ಎರಡನೆಯದನ್ನು ಕರೆದಳು. ಪರದೆಯ ಮೇಲೆ ಒಂದೇ ಮಾತು, ಇಂಗ್ಲಿಷ್ ಅಕ್ಷರಗಳಲ್ಲಿ, ತಲೆಯಿಂದ ಬುಡದವರೆಗೆ:

ಬಂದೆ ಯವ್ವಾ ಬಂದೆ ಯವ್ವಾ ಬಂದೆ ಯವ್ವಾ ಬಂದೆ ಯವ್ವಾ

ಗುಂಡಿ ಒತ್ತಿ ಕೆಳಗೆ ಸರಿಸಿದಳು. ಮತ್ತೆ ಅದೇ. ಮತ್ತೊಂದು ಪರದೆ, ಮತ್ತೊಂದು. ನಡುವೆ ಎಲ್ಲೂ ಒಂದು ಚುಕ್ಕೆ ಇಲ್ಲ, ಒಂದು ತಪ್ಪು ಅಕ್ಷರವಿಲ್ಲ. ಮೂರನೆಯದನ್ನು ಕರೆದಳು. ಅದರಲ್ಲೂ ಅದೇ. ನಾಲ್ಕನೆಯದರಲ್ಲೂ. ಹುಡುಗಿ ಹುಡುಗಾಟ ಮಾಡಿದ್ದಾಳೆ ಎಂದು ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ಬರಲಿಲ್ಲ.

ಇಂಥವು ಇನ್ನೆಷ್ಟಿವೆ ಎಂದು ತಿಳಿಯಲು ಅವಳು ಧಾರವಾಡದಲ್ಲಿ ಕಲಿಸಿದ ಉಪಾಯ ಮಾಡಿದಳು. ರೀಲನ್ನು ಮತ್ತೆ ಇನ್ನೂರ ಹನ್ನೆರಡಕ್ಕೆ ತಿರುಗಿಸಿ, ವೈರ್ ಕಿತ್ತು ರೆಕಾರ್ಡರನ್ನು ಸುಮ್ಮನೆ ಓಡಬಿಟ್ಟಳು. ವೈರ್ ಇಲ್ಲದಿದ್ದರೆ ರೀಲಿನ ಸದ್ದು ಹೊರಗೇ ಕೇಳುತ್ತದೆ. ಕಿರುಚಾಟ ಇದ್ದಲ್ಲಿ ಬರಹ ಇದೆ ಎಂದು ಅರ್ಥ. ಕಿರುಚಿತು, ನಿಂತಿತು, ಸಿಳ್ಳೆ ಹಾಕಿತು, ಮತ್ತೆ ಕಿರುಚಿತು. ಹೀಗೆ ನಾಲ್ಕು ಸಲ. ನಂಬರು ಮುನ್ನೂರ ಹತ್ತು ದಾಟಿತು. ಸದ್ದು ನಿಂತಿತು. ಬರೀ ಗಾಳಿ ಸುಯ್ಯೆನ್ನುವ ಹಾಗೆ ರೀಲಿನ ಸದ್ದು. ಮುಗಿಯಿತೆಂದು ಶಾಮಲಾ ಕೈ ಚಾಚಿದಳು.

ಯಾರೋ ಕೆಮ್ಮಿದರು.

ಬಾಗಿಲ ಕಡೆ ತಿರುಗಿದಳು. ಬಾಗಿಲು ಮುಚ್ಚಿತ್ತು.

"ಹೊಳೆವ್ವಾ," ಎಂದಿತು ಹೆಂಗಸಿನ ದನಿ. ದೂರದ ಕೋಣೆಯಿಂದ ಕರೆದ ಹಾಗೆ. ಉಸಿರು ಸಾಲದ ದನಿ. "ಏ ಹೊಳೆವ್ವಾ... ಒಂದೀಟು ನೀರು ತಾ ಯವ್ವಾ."

ಆಮೇಲೆ ಏನೂ ಇಲ್ಲ. ಟಕ್ ಎಂದು ಒಂದು ಸದ್ದು, ಅಷ್ಟೇ. ಶಾಮಲಾಳ ಎದುರಿಗೆ ಪರದೆ ಹಾಗೇ ಹೊತ್ತಿಕೊಂಡಿತ್ತು: ಬಂದೆ ಯವ್ವಾ ಬಂದೆ ಯವ್ವಾ ಬಂದೆ ಯವ್ವಾ.

ಅವಳು ಕಂಪ್ಯೂಟರ್ ಬಂದ್ ಮಾಡಲಿಲ್ಲ, ದೀಪ ಆರಿಸಲಿಲ್ಲ. ಚಪ್ಪಲಿ ಮೆಟ್ಟದೆಯೇ ಅಂಗಳಕ್ಕೆ ಬಂದು ಬಿಸಿಲಿನಲ್ಲಿ ನಿಂತಳು. ಕಾಲು ಸುಟ್ಟ ಮೇಲೆ ಎಚ್ಚರವಾಗಿ ತಿರುಗಿ ಹೋಗಿ ಎಲ್ಲ ಬಂದ್ ಮಾಡಿ, ಆ ಕ್ಯಾಸೆಟ್ಟನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊಳೆವ್ವನನ್ನು ಕರೆದು ಕೋಣೆಯಲ್ಲಿ ಕೂರಿಸಿಕೊಂಡಳು.

"ನಿನ್ನ ಕ್ಯಾಸೆಟ್ಟಿನಾಗ ಯಾರದೋ ದನಿ ಅದ. ಯಾರದು?"

ಹುಡುಗಿ ನೆಲ ನೋಡಿದಳು. "ನಮ್ಮವ್ವಂದು ರೀ."

"ಅವ್ವ ಊರಾಗಿಲ್ಲೇನು?"

"ತೀರಿಕೊಂಡು ಎರಡು ವರ್ಸಾತ್ರಿ."

ಶಾಮಲಾ ಆ ಕ್ಯಾಸೆಟ್ಟಿಗೆ ಅಂಟುಪಟ್ಟಿ ಹಚ್ಚಿದ್ದ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಆಮೇಲೆ ಹೇಳಿದಳು, "ಅಂಥಾ ಕ್ಯಾಸೆಟ್ ಯಾಕ ತಂದಿ ತಂಗಿ? ನನಗ ಒಂದು ಮಾತು ಹೇಳಬಾರದಿತ್ತೇನು? ಅದರ ಮ್ಯಾಲ ಬರದ್ರ ದನಿ ಹೋಗ್ತದಲ್ಲ?"

"ಹೋಗಲಿ ಅಂತನ ತಂದೇನ್ರಿ."

ಮೆಲ್ಲಗೆ ಒಂದೊಂದೇ ಮಾತು ಬಂತು. ಅವ್ವ ಸರೋಜವ್ವ ಒಳ್ಳೆಯ ಹಾಡುಗಾರ್ತಿ. ಹತ್ತಿಮತ್ತೂರಿನ ತೌರಿನಿಂದ ಸೋಬಾನೆ ಪದಗಳ ಗಂಟನ್ನೇ ತಂದವಳು. ಎದೆಯ ಬೇನೆಯಿಂದ ಹಾಸಿಗೆ ಹಿಡಿದಾಗ, ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಅಪ್ಪ ಒಂದು ಮಧ್ಯಾಹ್ನ ರೆಕಾರ್ಡರು ತಂದು ಅವಳ ತಲೆದಿಂಬಿನ ಹತ್ತಿರ ಇಟ್ಟು ಒಂದು ಪದ ಹಾಡಿಸಿದ. ಹಾಡು ಮುಗಿದು, ದಣಿದು, ಅವಳು ಮಗಳನ್ನು ಕರೆದದ್ದೂ ಅದರಲ್ಲೇ ಸೇರಿತು.

"ನಾ ಹೊರಗ ಓಣ್ಯಾಗ ಕುಂಟಾಟ ಆಡಾಕತ್ತಿದ್ದೆ ರೀ," ಎಂದಳು ಹೊಳೆವ್ವ. "ಕರದದ್ದು ಕೇಳಿಸ್ತು. ನನ್ನ ಪಾಳಿ ಬಂದಿತ್ತು. ಇನ್ನೊಮ್ಮೆ ಕರದ್ರ ಹೋದರಾತು ಅಂತ ನಿಂತೆ. ಇನ್ನೊಮ್ಮೆನೂ ಕರದ್ಲು. ಮೂರನೇದಕ್ಕ ಹೋಗೂನು ಅಂದ್ಕೊಂಡೆ. ಮೂರನೇದು ಕರೀಲಿಲ್ಲ ರೀ."

"ಆಮ್ಯಾಲೆ?"

"ಆಮ್ಯಾಲೆ ಆಟ ಮುಗಿಸಿ ಹೋದೆ. ಅವ್ವಗ ನಿದ್ದಿ ಹತ್ತಿತ್ತು. ಮೂರು ದಿನಕ್ಕ ಹೋದ್ಲು. ಆ ಮೂರು ದಿನ ಮಾತಾಡಲಿಲ್ಲ ರೀ, ದನಿ ಕಟ್ಟಿತ್ತು."

ಎರಡು ವರ್ಷದಿಂದ ಅಪ್ಪ ಊರಲ್ಲಿದ್ದಾಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಆ ಕ್ಯಾಸೆಟ್ಟು ಹಾಕುತ್ತಾನೆ. ಹಾಡು ಕೇಳಲು. ಹಾಡು ಮುಗಿದರೂ ಬಂದ್ ಮಾಡುವುದಿಲ್ಲ, ಕಣ್ಣು ಮುಚ್ಚಿ ಕೂತಿರುತ್ತಾನೆ. ಕೆಮ್ಮು ಬರುತ್ತದೆ. ಕರೆಯುತ್ತಾಳೆ. ಹೊಳೆವ್ವ ದಿನಾ ಎದ್ದು ಹೋಗಿ ಒಂದು ತಂಬಿಗೆ ನೀರು ತಂದು ಆ ರೆಕಾರ್ಡರಿನ ಮುಂದೆ ಇಡುತ್ತಾಳೆ. ಇಡದಿದ್ದರೆ ಮಲಗಲು ಆಗುವುದಿಲ್ಲ.

"ನಿಮ್ಮಪ್ಪ ಏನೂ ಕೇಳೂದಿಲ್ಲೇನು?"

"ತನಗ ತಂದಾಳ ಅಂತ ತಿಳೀತಾನ್ರಿ. ಕುಡೀತಾನ."

ಹುಡುಗಿ ತನ್ನ ನೋಟ್‌ಬುಕ್ಕು ತೆರೆದು ತೋರಿಸಿದಳು. ಅವಳು ಎಷ್ಟು ಜಾಣತನದಿಂದ ಮಾಡಿದ್ದಳೆಂದರೆ, ಮನೆಯಲ್ಲಿ ಅಪ್ಪ ಇಲ್ಲದಾಗ ಕ್ಯಾಸೆಟ್ಟು ಹಾಕಿ ನಂಬರು ನೋಡಿಕೊಂಡಿದ್ದಳು. ಹಾಡು ಮುಗಿಯುವುದು ಇನ್ನೂರ ಐದಕ್ಕೆ. ಅವ್ವ ಕರೆಯುವುದು ಇನ್ನೂರ ಹನ್ನೆರಡಕ್ಕೆ. ಹಾಡಿಗೆ ಧಕ್ಕೆಯಾಗದಂತೆ ಇನ್ನೂರ ಹನ್ನೆರಡರಿಂದ ಮುಂದಕ್ಕೆ ಸೇವ್ ಮಾಡಿದ್ದಳು. ಒಂದು ಸಲಕ್ಕೆ ಹೋಗದಿದ್ದರೆ ಎಂದು, ಉದ್ದುದ್ದ ಬರೆದು ಒಂದರ ಹಿಂದೊಂದು ನಾಲ್ಕು ಸಲ.

"ಅಪ್ಪಗ ಹಾಡು ಬೇಕ್ರಿ. ಅದಕ್ಕೇನೂ ಆಗಿಲ್ಲಲ್ರಿ?"

ಶಾಮಲಾಗೆ ಆಗಲೇ ಹೊಳೆದಿತ್ತು. ಚಂದ್ರಪ್ಪನ ಮನೆಯ ರೆಕಾರ್ಡರಿನ ನಂಬರು ಬೇರೆ, ಶಾಲೆಯ ರೆಕಾರ್ಡರಿನ ನಂಬರು ಬೇರೆ. ಒಂದರ ಚಕ್ರ ತಿರುಗುವ ವೇಗದಲ್ಲಿ ಇನ್ನೊಂದರದು ತಿರುಗುವುದಿಲ್ಲ. ಅಲ್ಲಿನ ಇನ್ನೂರ ಹನ್ನೆರಡು ಇಲ್ಲಿನ ಮುನ್ನೂರ ಹದಿನೈದರ ಹತ್ತಿರ ಬರುತ್ತದೆ; ಇಲ್ಲಿನ ಇನ್ನೂರ ಹನ್ನೆರಡಕ್ಕೆ ಹಾಡೇ ಮುಗಿದಿರುವುದಿಲ್ಲ. ಇದನ್ನು ಧಾರವಾಡದಲ್ಲಿ ಹೇಳಿದ್ದರು. ಅವಳ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದೂ ಇತ್ತು. ಶಾಲೆಯಲ್ಲಿ ಇರುವುದು ಒಂದೇ ಬಗೆಯ ರೆಕಾರ್ಡರು, ಮಕ್ಕಳಿಗೆ ಯಾಕೆ ಗೊಂದಲ ಎಂದು ಅದೊಂದನ್ನು ಕಲಿಸಿರಲಿಲ್ಲ.

"ನೋಡಿ ಹೇಳ್ತೇನಿ," ಎಂದು ಹುಡುಗಿಯನ್ನು ಕಳಿಸಿದಳು.

ಸಂಜೆ ಮತ್ತೊಮ್ಮೆ ಕ್ಯಾಸೆಟ್ಟು ಹಾಕಿ ಕೇಳಿದಳು. ಆ ಸಲ ರೀಲಿನ ಮೊದಲಿನಿಂದ. ಬಹಳ ಹೊತ್ತು ಸುಮ್ಮನಿತ್ತು. ಹಿತ್ತಲಲ್ಲಿ ಕೋಳಿ ಕೂಗಿದ್ದು, ಯಾರೋ ಗಂಡಸು ಸುರು ಮಾಡು ಎಂದದ್ದು ಕೇಳಿತು. ಸರೋಜವ್ವನ ದನಿ ಒಂದೂವರೆ ಸಾಲು ಏರಿತು. ಬೇನೆ ತಿಂದ ಮೈಯಿಂದ ಅಂಥ ದನಿ ಹೇಗೆ ಬಂದೀತು ಎನ್ನುವಷ್ಟು ತುಂಬಿದ ದನಿ. ಎರಡನೆಯ ಸಾಲಿನ ನಡುವೆ ಕಿರುಚಾಟ ಬಂದು ಅವಳ ಮೇಲೆ ಬಿತ್ತು. ಆಮೇಲೆ ಉಳಿದದ್ದು ಕೊನೆಯ ಕೆಮ್ಮು, ಆ ಕರೆ.

ಅಂದಿನಿಂದ ಶಾಮಲಾಗೆ ಸರಿಯಾಗಿ ಹೊತ್ತು ಹೋಗಲಿಲ್ಲ. ಪಾಠ ಮಾಡುತ್ತ ಮಾಡುತ್ತ ಹಿಂದಕ್ಕೆ ತಿರುಗಿ "ಯಾರು?" ಎಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮನೆಯಲ್ಲಿ ಒಂದು ಬೆಳಿಗ್ಗೆ ತುಳಸಾಬಾಯಿ ಬಚ್ಚಲಿನಿಂದ, "ಶಾಮಲಾ, ಟವಲ್ ಮರತೆ, ಕೊಡವ್ವಾ," ಎಂದು ಕರೆದರು. ಒಲೆಯ ಮೇಲೆ ಹಾಲಿತ್ತು. ಅವಳು ಹಾಲನ್ನು ಉಕ್ಕಲು ಬಿಟ್ಟು ಓಡಿದಳು. ಬಚ್ಚಲ ಬಾಗಿಲಿಗೆ ಮುಟ್ಟಿದಾಗ ಕೈಯಲ್ಲಿ ಟವಲಿರಲಿಲ್ಲ.

"ಏನಾತ? ಯಾಕ ಹಿಂಗ ಬೆವರೀದಿ?" ಎಂದರು ತಾಯಿ.

"ಏನಿಲ್ಲ. ಎರಡನೇ ಸಲ ಕರೀತೀಯೇನು ಅಂತ ಓಡಿ ಬಂದೆ," ಎಂದಳು. ತುಳಸಾಬಾಯಿಗೆ ಅರ್ಥವಾಗಲಿಲ್ಲ.

ಒಂದು ಗುಂಡಿ ಒತ್ತಿ ಆ ಕರೆಯನ್ನೂ ಅಳಿಸಿಬಿಡೋಣ ಎಂದು ಎರಡು ಸಲ ಕಪಾಟು ತೆರೆದಳು. ಅಳಿಸಿದರೆ ಆ ಹೆಂಗಸಿನದು ಭೂಮಿಯ ಮೇಲೆ ಒಂದೂವರೆ ಸಾಲು ಮಾತ್ರ ಉಳಿಯುತ್ತದೆ. ಅಳಿಸದಿದ್ದರೆ ಮಗಳ ಪಾಲಿಗೆ ಆ ಕರೆಯೊಂದೇ ಉಳಿಯುತ್ತದೆ. ಎರಡು ಸಲವೂ ಮತ್ತೆ ಕೀಲಿ ಹಾಕಿದಳು. ಹೊಳೆವ್ವ ದಿನಾ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಕೇಳುತ್ತಿರಲಿಲ್ಲ.

ಗುರುವಾರ ನಾಲ್ಕು ಗಂಟೆಗೆ ಚಂದ್ರಪ್ಪ ಬಂದ. ತೆಳ್ಳನೆಯ ಮನುಷ್ಯ, ಎಣ್ಣೆ ಹಚ್ಚಿ ಬಾಚಿದ ತಲೆ. ಮೈಕಿನ ದಂಧೆ ಮಾಡುವವನಾದರೂ ಮಾತು ಬಹಳ ಮೆತ್ತಗೆ. ಹಿಂದೆ ಹೊಳೆವ್ವ ಇದ್ದಳು, ಅತ್ತು ಮುಖ ಊದಿರಲಿಲ್ಲ, ಅಳದೆ ಬಿಗಿದುಕೊಂಡಿದ್ದಳು.

"ನಮಸ್ಕಾರ್ರಿ ಬಾಯಾರ. ಸವಣೂರಿಂದ ನಿನ್ನಿ ಬಂದೇನಿ. ದೇವರ ಜಗಲಿ ಮ್ಯಾಲ ಒಂದು ಕ್ಯಾಸೆಟ್ ಇಟ್ಟಿದ್ದೆ. ಕೇಳಿದ್ರ, ಸಾಲ್ಯಾಗ ಐತಿ ಅಂದ್ಲು. ಕೊಟ್ಟರ ಒಯ್ತೇನಿ."

ಶಾಮಲಾ ಕಪಾಟು ತೆರೆದು ಕ್ಯಾಸೆಟ್ಟು ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ. ಬೆನ್ನಿಗೆ ಹಚ್ಚಿದ ಪಟ್ಟಿ ಕಂಡಿತು. ಅದನ್ನು ಕಂಡದ್ದೇ ಅವನಿಗೆ ಎಲ್ಲ ತಿಳಿಯಿತು. ಈ ಕೆಲಸದಲ್ಲೇ ಬೆಳೆದವನು ಅವನು.

"ತಪ್ಪು ನಂದರಿ ಚಂದ್ರಪ್ಪ," ಎಂದಳು ಶಾಮಲಾ. "ಮಕ್ಕಳಿಗೆ ಕ್ಯಾಸೆಟ್ ತರ್ರಿ ಅಂತ ನಾನ ಹೇಳಿದೆ. ಪಟ್ಟಿ ನಾನ ಹಚ್ಚಿದೆ. ಅಕಿಗೆ ಏನೂ ಗೊತ್ತಿರಲಿಲ್ಲ."

"ಮನ್ಯಾಗ ನೂರಾರು ಕ್ಯಾಸೆಟ್ ಅದಾವ್ರಿ," ಎಂದ ಅವನು, ದನಿ ಏರಿಸದೆ. "ಪೆಟ್ಟಿಗಿ ತುಂಬ ಸಿನೆಮಾದವು. ಇದನ್ನ ಜಗಲಿ ಮ್ಯಾಲಿಂದ ತಗೊಂಡು ಬಂದಾಳ. ಗೊತ್ತಿರಲಿಲ್ಲ ಅಂತ ಹ್ಯಾಂಗ ಅನ್ನೂದ್ರಿ?"

ಮಗಳ ಕಡೆ ತಿರುಗಿದ. "ಯಾಕವ್ವಾ?"

ಹೊಳೆವ್ವ ಗೋಡೆಗೆ ಸರಿದು ನಿಂತಳು. ಅವನು ತಾನೇ ಹೋಗಿ ರೆಕಾರ್ಡರಿನ ಮುಂದೆ ಜಮಖಾನದ ಮೇಲೆ ಕೂತು, ವೈರ್ ಕಿತ್ತು, ಕ್ಯಾಸೆಟ್ಟು ಹಾಕಿದ. ಶಾಮಲಾ ಬೇಡ ಎನ್ನಬೇಕೆಂದು ಹತ್ತಿರ ಹೋದಳು, ಎನ್ನಲಿಲ್ಲ.

ಒಂದೂವರೆ ಸಾಲು ಹಾಡು ಬಂತು. ಆಮೇಲೆ ಕಿರುಚಾಟ. ಚಂದ್ರಪ್ಪನ ಮುಖ ಸುಟ್ಟವರ ಹಾಗೆ ಹಿಂದಕ್ಕೆ ಸರಿಯಿತು, ಆದರೆ ಕೈ ಗುಂಡಿಯ ಮೇಲೆ ಹೋಗಲಿಲ್ಲ. ಹಾಡು ಎಲ್ಲಾದರೂ ತಿರುಗಿ ಬಂದೀತು ಎಂದು ಕಾದ. ಹೊಳೆವ್ವ ಆಗ ಮೊದಲ ಸಲ ಅದನ್ನು ಕೇಳಿದ್ದು. ಹಾಡು ಉಳಿದಿಲ್ಲ ಎಂದು ಅವಳಿಗೆ ತಿಳಿಯುತ್ತ ಹೋಯಿತು. ಅವಳು ಗೋಡೆಗೆ ಬೆನ್ನು ಹಚ್ಚಿ ಕೆಳಗೆ ಕುಸಿದಳು. ಆ ಕಿರುಚಾಟ ಮುಗಿಯಲು ಆರೇಳು ನಿಮಿಷ ಹಿಡಿಯಿತು. ಮೂವರೂ ಅದನ್ನು ಪೂರ್ತಿ ಕೇಳಿದರು.

ಕೆಮ್ಮು ಬಂತು.

"ಹೊಳೆವ್ವಾ... ಏ ಹೊಳೆವ್ವಾ... ಒಂದೀಟು ನೀರು ತಾ ಯವ್ವಾ."

"ನನಗ ಕೇಳಿಸಿತ್ತಪ್ಪಾ," ಎಂದಳು ಹೊಳೆವ್ವ. ಕೂತಲ್ಲಿಂದಲೇ, ಗಟ್ಟಿಯಾಗಿ. "ಆವತ್ತು ನನಗ ಕೇಳಿಸಿತ್ತು. ನಾ ಬರಲಿಲ್ಲ. ಆಟ ಬಿಟ್ಟು ಬರಲಿಲ್ಲ. ಅವ್ವಗ ನೀರು ಸಿಗಲಿಲ್ಲ."

ಚಂದ್ರಪ್ಪ ಮಗಳನ್ನು ನೋಡಿದ. ರೆಕಾರ್ಡರನ್ನು ನೋಡಿದ. ಎರಡು ವರ್ಷ ದಿನಾ ಸಂಜೆ ತನ್ನ ಮುಂದೆ ಬಂದು ಕೂರುತ್ತಿದ್ದ ನೀರಿನ ತಂಬಿಗೆ ಯಾರಿಗಾಗಿ ಬರುತ್ತಿತ್ತು ಎಂಬುದು ಆಗ ಅವನಿಗೆ ತಿಳಿದಿರಬೇಕು. ಎದ್ದು ಹೋಗಿ ಅವಳ ಪಕ್ಕ ಕೂತ.

"ಹುಚ್ಚಿ," ಎಂದ. "ನೀರು ನಾ ಕೊಟ್ಟೆನಲ್ಲ. ಅಕಿ ಕೇಳಿದ ಕೂಡಲೆ ಬಟನ್ ಬಂದ್ ಮಾಡಿ ಎದ್ದು ಹೋಗಿ ತಂದ್ಕೊಟ್ಟೆ. ಅದಕ್ಕ ಮುಂದ ಅದರಾಗ ಏನಿಲ್ಲ. ಟಕ್ ಅಂತದ ಕೇಳು, ಅದು ನಾ ಬಂದ್ ಮಾಡಿದ್ದು. ಹೊಟ್ಟಿ ತುಂಬ ಕುಡದ್ಲು. ಕುಡದು ಮಲಕ್ಕೊಂಡ್ಲು."

"ಖರೇನ?"

"ಖರೇ."

ಹೊಳೆವ್ವ ಅತ್ತಳು. ಸಣ್ಣ ಮಕ್ಕಳ ಹಾಗೆ ಬಾಯಿ ತೆರೆದು, ಎರಡು ವರ್ಷದ್ದನ್ನು ಒಮ್ಮೆಲೆ. ಹಾಡು ಹೋಯಿತಲ್ಲ ಎಂದೂ ಅತ್ತಳು. ಚಂದ್ರಪ್ಪ ಅವಳ ತಲೆ ಸವರುತ್ತ, "ಹೋಗಲಿ ಬಿಡು. ಹಾಡು ನಿನಗ ಬರತೈತಿ. ನೀ ಹಾಡು," ಎಂದ. ಶಾಮಲಾ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಅವರಿಬ್ಬರೂ ಐದೂವರೆಯ ಬಸ್ಸಿಗೆ ಹೋದರು, ಕ್ಯಾಸೆಟ್ಟನ್ನು ಅರಿವೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು.

ರಜೆ ಮುಗಿದು ಶಾಲೆ ಸುರುವಾದಾಗ ಹೊಳೆವ್ವ ಬೇರೆಯೇ ಹುಡುಗಿಯಾಗಿದ್ದಳು. ಗೆಳತಿಯರ ಜೊತೆ ಕಿತ್ತಾಡುತ್ತಿದ್ದಳು, ಬರೆದದ್ದನ್ನು ಸೇವ್ ಮಾಡಲು ಮರೆತು ಬೈಸಿಕೊಳ್ಳುತ್ತಿದ್ದಳು. ಮರುವರ್ಷ ಒಂದು ಕಂಪ್ಯೂಟರ್ ಕೆಟ್ಟಿತು, ಅದರ ಮರುವರ್ಷ ಇನ್ನೊಂದು. ದುರಸ್ತಿ ಮಾಡುವವರು ಬರಲಿಲ್ಲ. ಕೋಣೆಗೆ ಹೊಲಿಗೆ ಯಂತ್ರಗಳು ತಿರುಗಿ ಬಂದವು. ಶಾಮಲಾಗೆ ಶಿಗ್ಗಾಂವಿಗೆ ವರ್ಗವಾಯಿತು.

೧೯೮೯ರ ಬೇಸಿಗೆಯಲ್ಲಿ ಅವಳು ತಾಯಿಯನ್ನು ನೋಡಲು ಬಂದು, ಮರಳಿ ಹೋಗುವಾಗ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಚಂದ್ರಪ್ಪ ಸಿಕ್ಕ. ಎರಡು ದೊಡ್ಡ ಮೈಕಿನ ಹಾರ್ನ್ ಪಕ್ಕದಲ್ಲಿಟ್ಟುಕೊಂಡು ಅಕ್ಕಿಆಲೂರಿನ ಬಸ್ಸಿಗೆ ಕಾಯುತ್ತಿದ್ದ. ಹೊಳೆವ್ವ ಹಿರೇಕೆರೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಾಳೆ, ಮದುವೆಗಳಲ್ಲಿ ಅವ್ವನ ಪದ ಹಾಡುತ್ತಾಳೆ ಎಂದು ಹೇಳಿದ. ಶಾಮಲಾಗೆ ಸಂತೋಷವಾಯಿತು. ಅವಳ ಬಸ್ಸು ಬಂದು ನಿಂತಿತು. ಹತ್ತಲು ಹೊರಟವಳನ್ನು ಅವನು, "ಬಾಯಾರ," ಎಂದು ನಿಲ್ಲಿಸಿದ.

"ಆವತ್ತು ಅಕಿಗೆ ಒಂದು ಮಾತು ಹೇಳಿದ್ನೆಲ್ರಿ, ನೀರು ನಾ ಕೊಟ್ಟೆ ಅಂತ."

"ಹೌದು."

"ನನಗ ನೆನಪಿಲ್ರಿ." ಅವನು ಹಾರ್ನಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. "ಬಟನ್ ಬಂದ್ ಮಾಡಿದ್ದು ನೆನಪೈತಿ. ಕ್ಯಾಸೆಟ್ ತಗದು ಅದರ ಬೆನ್ನು ಬ್ಲೇಡಿನಿಂದ ಕೊಯ್ದದ್ದು ನೆನಪೈತಿ, ಅಲ್ಲೇ ಕುಂತು, ಹಾಡು ಅಳಿಸಿ ಗಿಳಿಸೀತು ಅಂತ. ಅದರ ನಡುವ ಎದ್ದು ಹೋಗಿ ನೀರು ತಂದೆನೋ ಇಲ್ಲೋ, ಎಷ್ಟು ನೆನಸಿದ್ರೂ ಸಿಗವಲ್ದು. ಮೂರು ವರ್ಸಾತು ನೆನಸಾಕತ್ತು. ಕೊಟ್ಟಿರ್ತೇನಿ ಅಲ್ರಿ? ಅಷ್ಟು ಬಾಯಿ ಬಿಟ್ಟು ಕೇಳ್ಯಾಳ, ಯಾರಾದ್ರೂ ಕೊಡದ ಇರ್ತಾರೇನ್ರಿ?"

ಕಂಡಕ್ಟರ್ ಸೀಟಿ ಊದಿದ.

"ಕೊಟ್ಟಿರ್ತೀರಿ," ಎಂದಳು ಶಾಮಲಾ.

"ಹೂಂ ರೀ," ಎಂದ ಅವನು. ಅವಳ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. "ಹೊಳೆವ್ವನ ಮುಂದ ಇದನ್ನ ಆಡಬ್ಯಾಡ್ರಿ."

ಅವಳು ಆಡಲಿಲ್ಲ. ಹೊಳೆವ್ವ ಆಮೇಲೆ ಶಿಕ್ಷಕಿಯಾದಳು, ಮದುವೆಯ ಕರೆಯೋಲೆ ಕೊಡಲು ಶಿಗ್ಗಾಂವಿಗೆ ಬಂದಳು, ಒಂದು ರಾತ್ರಿ ಶಾಮಲಾಳ ಮನೆಯಲ್ಲೇ ಉಳಿದಳು. ಇಬ್ಬರೂ ಬಹಳ ಹೊತ್ತು ಶಾಲೆಯ ಮಾತಾಡಿ ನಕ್ಕರು. ಅವಳು ಮಲಗಿದ ಮೇಲೆ ಶಾಮಲಾಗೆ ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಹುಡುಗಿ ಒಂದು ಸಲ ಕೆಮ್ಮಿ, ಮಗ್ಗುಲು ಬದಲಿಸಿ, ಮತ್ತೆ ನಿದ್ದೆಹೋದಳು.